ಕೋರಾಳ ಕೊನೆಯ ಸಾಲು

ಮತ್ತೆ ಕೆಂಪು, ಇನ್ನೊಂದು ತಿರುವು, ಮತ್ತೂ ಕೆಂಪು, ಈ ಮೇಪಲ್ ಮರಗಳಿಗೆ ನಾಚಿಕೆ ಅನ್ನುವುದೇ ಇಲ್ಲ, ಉದುರುವ ಹೊತ್ತಿನಲ್ಲಿ ಇಷ್ಟೊಂದು ಸಿಂಗಾರ, ಅದನ್ನು ನೋಡಲು ಎಲ್ಲೆಲ್ಲಿಯ ಕಾರುಗಳೋ ವರ್ಮಾಂಟಿನ ಈ ಕಿರಿದಾದ ರಸ್ತೆಗೆ ಮುಗಿಬಿದ್ದು ನಡುವಿನಲ್ಲೇ ನಿಂತು ಫೋಟೋ ಹೊಡೆಯುತ್ತವೆ, ಗ್ಲೆಂಡಾ ಬ್ರೇಕ್ ಒತ್ತುತ್ತಾಳೆ, ಅವಳ ಕುಂಬಳಕಾಯಿ ಮಸಾಲೆಯ ಕಾಫಿ ತುಳುಕುತ್ತದೆ, ಆ ವಾಸನೆ ಹಿಂದಿನ ಸೀಟಿನಲ್ಲಿರುವ ನನ್ನವರೆಗೂ ಬರುತ್ತದೆ, ಮುಂದಿನ ಸೀಟಿನಲ್ಲಿ ಅವಳ ಮುದಿ ನಾಯಿ ಮಹಾರಾಜನ ಹಾಗೆ ಕೂತು ಬೆಳಗಿನಿಂದ ಹೂಸು ಬಿಡುತ್ತಿದೆ, ಅದಕ್ಕೆ ಮುಂದಿನ ಸೀಟೇ ಬೇಕಂತೆ, ಹಿಂದೆ ಕೂರಿಸಿದರೆ ವಾಂತಿ ಮಾಡುತ್ತದಂತೆ, ಅರವತ್ತನಾಲ್ಕು ವರ್ಷದ ನಾನು ಮಾಡಿದರೆ ಪರವಾಗಿಲ್ಲ — ಹನ್ನೊಂದು ವರ್ಷ ಆ ಸೀಟಿನಲ್ಲಿ ನನ್ನ ತಂಗಿ ಕೋರಾ ಕೂರುತ್ತಿದ್ದಳು, ಪ್ರತಿ ಅಕ್ಟೋಬರಿನಲ್ಲೂ ನಾವು ಮೂವರು, ಒಂದೊಂದೇ ಕೌದಿ ಅಂಗಡಿಗೆ ನುಗ್ಗಿ ಹೋದ ಅಂಗಡಿಗಳ ಲೆಕ್ಕಕ್ಕೆ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡು, ಮನೆಯಲ್ಲಿ ಕಪಾಟು ತುಂಬಿ ಬೀಳುತ್ತಿದ್ದರೂ ಇನ್ನಷ್ಟು ಬಟ್ಟೆ ಕೊಂಡು, ಈಗ ಅವಳಿಲ್ಲ, ಅವಳು ಮುಗಿಸದೆ ಹೋದ ಕೌದಿ ನನ್ನ ತೊಡೆಯ ಮೇಲಿದೆ, ಸಂಜೆಯೊಳಗೆ ಅವಳ ಮಗಳು ಜೋಸಿಯ ಕೈಗೆ ಕೊಡಬೇಕು.

ನೋಡೇ ವರ್ನಾ ಆ ಗುಡ್ಡ, ಬೆಂಕಿ ಬಿದ್ದ ಹಾಗಿದೆ, ಅನ್ನುತ್ತಾಳೆ ಗ್ಲೆಂಡಾ, ಹೂಂ ಅನ್ನುತ್ತೇನೆ, ಬೀಳಲಿ. ಬೆಳಿಗ್ಗೆ ಮೊದಲ ಅಂಗಡಿ, ಹಿಂದೊಮ್ಮೆ ಚರ್ಚಾಗಿದ್ದದ್ದು, ಬಲಿಪೀಠ ಇದ್ದ ಜಾಗದಲ್ಲಿ ಈಗ ಗೂಬೆಯ ಚಿತ್ರದ ಬಟ್ಟೆಯ ಸುರುಳಿಗಳು, ಎರಡನೆಯದರಲ್ಲಿ ದಾಲ್ಚಿನ್ನಿ ಮೇಣದಬತ್ತಿಯ ಹೊಗೆ, ಮೂರನೆಯದರಲ್ಲಿ ಗೋಡೆಯ ಮೇಲೆ ಈ ಕೌದಿ, ಮೊದಲ ಬಹುಮಾನದ ನೀಲಿ ಪಟ್ಟಿ ಚುಚ್ಚಿಸಿಕೊಂಡು, ಜಾತ್ರೆಯ ಕೌದಿ ಸ್ಪರ್ಧೆ ಮುಗಿದಾಗಿನಿಂದ ಅಲ್ಲೇ ಇತ್ತಂತೆ. ನಮ್ಮ ಕೌದಿ ಸಂಘದಲ್ಲಿ ಒಬ್ಬಳು ಸತ್ತರೆ ಅವಳ ಅರ್ಧ ಕೆಲಸವನ್ನು ಉಳಿದವರು ಮುಗಿಸಿ ಮನೆಯವರಿಗೆ ಕೊಡುತ್ತಾರೆ, ಕೋರಾಳದ್ದನ್ನು ಗ್ಲೆಂಡಾ ಒಯ್ದಿದ್ದಳು, ಮುಗಿದ ಮೇಲೆ ನಾನು ನೋಡುತ್ತಿರುವುದು ಇದೇ ಮೊದಲು. ಅಂಗಡಿಯಾಕೆ ಬಿಳಿ ಕೈಗವಸು ಹಾಕಿಕೊಂಡು ಮೂಲೆ ತಿರುಗಿಸಿದಳು, ಹಿಂಬದಿಗೆ ಹೊಲಿದ ಬಟ್ಟೆಯ ಚೀಟಿಯಲ್ಲಿ ಇಬ್ಬರ ಹೆಸರೂ ಇದೆ, ಕೋರಾ ಶುರುಮಾಡಿದ್ದು, ಗ್ಲೆಂಡಾ ಮುಗಿಸಿದ್ದು, ಸರಿ, ಅದರಲ್ಲಿ ಮೋಸವಿಲ್ಲ, ಆಮೇಲೆ ಆ ಮೂಲೆಯನ್ನು ಮತ್ತೆ ಈ ಬದಿಗೆ ತಿರುವಿದಳು, ಕಡುನೀಲಿ ಅಂಚು, ಅಲ್ಲಿರಬೇಕಾಗಿದ್ದ ಕೋರಾಳ ಹೊಲಿಗೆಯ ಸಾಲು ಇಲ್ಲ.

ಕಳೆದ ಚಳಿಗಾಲ, ಆಸ್ಪತ್ರೆಯ ಕುರ್ಚಿಯಲ್ಲಿ ಕೋರಾ, ಒಂದು ಕೈಗೆ ಡ್ರಿಪ್, ಔಷಧಿಯಿಂದ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ, ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ, ಅಂಗುಲಕ್ಕೆ ಹನ್ನೊಂದು ಹೊಲಿಗೆ ಹಾಕುತ್ತಿದ್ದ ಕೈ ಗೋಧಿ ಕಾಳಿನಷ್ಟು ಉದ್ದದ ಒಂದೊಂದು ಹೊಲಿಗೆ ಹಾಕಿ ಸುಸ್ತಾಗುತ್ತದೆ, ಸಾಲು ಏರುತ್ತದೆ, ಇಳಿಯುತ್ತದೆ, ಸಾಕು ಮಲಗು ಅಂದರೆ ಕೇಳುವುದಿಲ್ಲ, ಜೋಸಿ ಮಂಚದ ತುದಿಯಲ್ಲಿ ಕೂತು ಅಮ್ಮನನ್ನೇ ನೋಡುತ್ತಿದ್ದಾಳೆ, ಉಳಿದದ್ದೆಲ್ಲ ಹಾಸಿಗೆಗೆ ಕಣೆ ಜೋಸಿ, ಈ ಸಾಲು ಮಾತ್ರ ನಿಂಗೆ, ಅಂದಳು ಕೋರಾ. ಅದಾಗಿ ಒಂಬತ್ತು ದಿನಕ್ಕೆ ಹೋದಳು. ಈಗ ಆ ಜಾಗದಲ್ಲಿ ಗ್ಲೆಂಡಾಳ ಹೊಲಿಗೆ, ಗೆರೆ ಎಳೆದಷ್ಟು ನೇರ, ಪಕ್ಕದಲ್ಲಿ ತೂತುಗಳು, ದಾರ ಕಿತ್ತ ಸೂಜಿಯ ತೂತುಗಳು, ನೀಲಿಯ ಒಳಗಿಂದ ಬಿಳಿ ಹತ್ತಿ ಚುಕ್ಕಿಚುಕ್ಕಿಯಾಗಿ ಇಣುಕುತ್ತದೆ, ಏರುತ್ತದೆ, ಇಳಿಯುತ್ತದೆ — ನಾನು ಏನೆಂದೆ, ತುಂಬ ಚೆನ್ನಾಗಿದೆ ಅಂದೆ, ಅಂಗಡಿಯಾಕೆಯ ಮುಂದೆ ಹಲ್ಲು ಕಿರಿದು ಅಂದೆ, ಥೂ.

ಇನ್ನು ಇಪ್ಪತ್ತು ನಿಮಿಷದ ದಾರಿ, ಕಾಫಿ ತಣ್ಣಗಾಗಿ ಇನ್ನೂ ಕೆಟ್ಟದಾಗಿ ನಾರುತ್ತಿದೆ, ಗ್ಲೆಂಡಾ ಏನೋ ರಾಗ ಗುನುಗುತ್ತಾಳೆ, ಅವಳ ಕತ್ತಿನ ಹಿಂದಿನ ಮಡಿಕೆಗಳನ್ನು ನೋಡಿದರೆ ಮೈ ಉರಿಯುತ್ತದೆ, ಕೊನೆಗೂ ಕೇಳಿಯೇಬಿಟ್ಟೆ, ಯಾಕೆ ಬಿಚ್ಚಿದೆ ಅಂತ. ಗುನುಗು ನಿಂತಿತು. ನೀನೇ ಹೇಳಿದ್ದಲ್ವೇನೆ, ಅಂದಳು, ಜಗಳದ ದನಿಯಲ್ಲ, ನೆನಪು ಮಾಡಿಕೊಡುವ ದನಿ, ನಂಗೂ ಮನಸ್ಸಿರ್ಲಿಲ್ಲ ಮಾರಾಯ್ತಿ, ಎರಡು ವಾರ ಹಾಗೇ ಇಟ್ಕೊಂಡಿದ್ದೆ, ಒಂದ್ಸಲ ನೀರಿಗೆ ಹಾಕಿದ್ರೆ ಆ ತೂತುಗಳೂ ಮುಚ್ಕೊಳ್ತವೆ ಬಿಡು. ಇಲ್ಲ, ನಾನು ಹಾಗೆ ಹೇಳಿಲ್ಲ, ಹೇಳಿದ್ದೇನೆ, ಸಂಘದ ಮಾರ್ಚ್ ತಿಂಗಳ ಸಭೆ, ನಮ್ಮೂರ ಚರ್ಚಿನ ನೆಲಮಾಳಿಗೆ, ಮೇಜಿನ ಮೇಲೆ ಕೌದಿ ಹರಡಿದಾಗ ನಾಲ್ಕು ತಲೆಗಳು ಆ ಮೂಲೆಗೆ ಬಾಗಿದವು, ಯಾರೋ ಪಾಪ ಅಂದರು, ಆ ಪಾಪಕ್ಕೆ ನನ್ನ ಮುಖ ಬಿಸಿಯಾಯಿತು, ಬಹುಮಾನದ ಮೇಲೆ ಬಹುಮಾನ ತಂದವಳು, ನನ್ನ ತಂಗಿ, ಎಳೆಮಗುವಿನ ಹೊಲಿಗೆ, ಗ್ಲೆಂಡಾಳನ್ನು ನೇತುಹಾಕಿದ ಕೋಟುಗಳ ಹಿಂದೆ ಕರೆದು ಆ ಕೊನೇ ಸಾಲು ತೆಗೆದುಬಿಡು, ಯಾರಿಗೂ ಕಾಣಿಸ್ಬಾರ್ದು ಅಂದದ್ದು ನಾನೇ, ಬೆಳಗಿನಿಂದ ಅವಳ ಮೇಲೆ ಕಾರುತ್ತಿದ್ದ ಅಸಹ್ಯವೆಲ್ಲ ಯಾರದ್ದು ಹಾಗಾದರೆ, ಆ ಸಾಲಿಗೆ ನಾಚಿದವಳು ನಾನು, ಕೂತು ಬಿಚ್ಚಿದವಳು ಅವಳು, ಬಿಚ್ಚುವಾಗ ಅತ್ತಿರಲೂಬಹುದು.

ಜೋಸಿ ಅಂಗಳದಲ್ಲೇ ನಿಂತಿದ್ದಾಳೆ, ಕೈಗೆಲ್ಲ ಪೈ ಹಿಟ್ಟು, ಒರೆಸಿಕೊಂಡು ಬಂದು ನನ್ನನ್ನು ತಬ್ಬುತ್ತಾಳೆ, ಬೇಡ ಕಣೆ ಅನ್ನಬೇಕೆನಿಸುತ್ತದೆ, ಜಗಲಿಯ ಕಟಕಟೆಯ ಮೇಲೆ ಕೌದಿ ಹರಡುತ್ತಾಳೆ, ನೀಲಿ ಪಟ್ಟಿಯ ಕಡೆ ಕಣ್ಣೂ ಹಾಯಿಸಲಿಲ್ಲ, ನೇರ ಆ ಮೂಲೆಗೇ ಕೈ, ಒಮ್ಮೆ ಸವರಿದಳು, ಮತ್ತೆ ಸವರಿದಳು. ಅಮ್ಮನ ಸಾಲೆಲ್ಲಿ? ಗ್ಲೆಂಡಾ ನನ್ನ ಮುಖ ನೋಡಿದಳು, ಒಂದೇ ಸಲ, ಆಮೇಲೆ ನೆಲ ನೋಡಿ, ನಾನೇ ಬಿಚ್ಚಿದೆ ಮಗಾ, ನಂಗೇ ಹಾಗನ್ನಿಸ್ತು, ಯಾರೂ ಹೇಳಿದ್ದಲ್ಲ, ಅಂದಳು. ಈಗ ಹೇಳಬೇಕು, ಬಾಯಿ ತೆರೆದಿದ್ದೇನೆ, ನಾನು ಅನ್ನುವ ಒಂದು ಮಾತು ಸಾಕು, ನಾಲಗೆಯ ತುದಿಯಲ್ಲೇ ಇದೆ, ಚಳಿಗಾಳಿ ಇದೆ, ಒಳಗೆ ಹೋಗೋಣ, ಅಂದೆ, ಅಂದವಳು ನಾನೇ, ಜೋಸಿ ಗ್ಲೆಂಡಾಳ ಕಡೆ ನೋಡುವುದಿಲ್ಲ, ಇನ್ನೆಂದೂ ನೋಡಲಾರಳು, ಇದನ್ನ ನಾನು ತೊಳಿಯೋದೇ ಇಲ್ಲ ಅನ್ನುತ್ತಾಳೆ ಮೆಲ್ಲಗೆ, ತಲೆ ಬಾಗಿಸಿ ಉಗುರಿನಿಂದ ತಡವುತ್ತಿದ್ದಾಳೆ, ಒಂದು ತೂತು, ಅದರ ಮುಂದಿನದು, ದೂರದೂರ, ಏರುತ್ತದೆ, ಇಳಿಯುತ್ತದೆ, ಬೆರಳು ಎಲ್ಲೂ ದಾರಿ ತಪ್ಪುವುದಿಲ್ಲ, ನೀಲಿಯಲ್ಲಿ ಬಿಳಿ, ಇನ್ನೊಂದು, ಇನ್ನೊಂದು ತೂತು —