ಎರಡು ಚೀಟಿಯ ಮಂಟಯ್ಯ

ಜ್ಯೇಷ್ಠ ಮಾಸ. ಗಂಗೆಯ ಆಚೆ ದಡದಲ್ಲಿ ಸೂರ್ಯ ಇನ್ನೂ ಮೇಲೆದ್ದಿರಲಿಲ್ಲ, ಆಗಲೇ ನೆಲ ಕಾದಿತ್ತು. ಕಾಶಿಯ ಭೇಲೂಪುರದ ಹಿಂದಿನ ಗಲ್ಲಿಯಲ್ಲಿದ್ದ ಕನ್ನಡದವರ ಮಠದಲ್ಲಿ ಮಂಟಯ್ಯ ಕೊಟ್ಟಿಗೆಯ ಗಂಜಲ ಬಳಿಯುತ್ತಿದ್ದ. ಮಠದ ಕಾರಭಾರಿ ವಿಶ್ವಾರಾಧ್ಯ ಜಗಲಿಯ ಮೇಲೆ ನಿಂತು ಬೇವಿನಕಡ್ಡಿ ಜಗಿದು ಉಗಿದ. ಉಗುಳು ಮುದುಕನ ಕೈ ಪಕ್ಕದಲ್ಲೇ ಬಿತ್ತು.

“ಸೋಮವಾರಕ್ಕೆ ಖೋಲಿ ಖಾಲಿ ಆಗ್ಬೇಕು ಕಣೋ, ಸೂಳೆಮಗನೆ. ಯಾತ್ರಿಕರಿಗೆ ರೂಮು ಕಟ್ಟಿಸ್ತಿದೀನಿ. ನಿಮ್ಮಪ್ಪ ಬರ್ಕೊಟ್ಟಿದ್ನಾ?”

ಖೋಲಿ ಅಂದರೆ ಕೊಟ್ಟಿಗೆಯ ಹಿಂದೆ ತಗಡು ಹೊದಿಸಿದ ನಾಲ್ಕು ಗೋಡೆ. ಮಂಟಯ್ಯನಿಗೂ ಅವನ ಹೆಂಡತಿ ಸಿದ್ದಾಜಮ್ಮನಿಗೂ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ ನೆರಳು.

ಊರು ಬಿಟ್ಟು ಇಷ್ಟು ದೂರ ಯಾಕೆ ಬಂದರು ಅಂದರೆ ಮೊದಲನೇ ಓಟಿನ ಕಥೆ ಹೇಳಬೇಕು. ಆಗ ಮೈಸೂರ ಸೀಮೆಯ ಆ ಕ್ಷೇತ್ರಕ್ಕೆ ಎಂಪಿಗಳು ಇಬ್ಬರು. ಒಂದು ಕುರ್ಚಿಗೆ ಯಾರು ಬೇಕಾದರೂ ನಿಲ್ಲಬಹುದು, ಇನ್ನೊಂದು ಹೊಲೆಗೇರಿ ಮಾದಿಗೇರಿಯವರಿಗೇ ಮೀಸಲು. ತಲೆಗೆ ಎರಡು ಚೀಟಿ, ನಿಂತವನಿಗೊಂದು ಪೆಟ್ಟಿಗೆ. ಕೇರಿಯ ಜನ ಪರದೆಯ ಹಿಂದೆ ಹೋದರು, ತಮ್ಮವನ ಪೆಟ್ಟಿಗೆಗೆ ಒಂದು ಚೀಟಿ ಹಾಕಿದರು. ಇನ್ನೊಂದನ್ನು ಹಾಕಬೇಕಾದ್ದು ಮೇಲುಜಾತಿಯವರ ಪೆಟ್ಟಿಗೆಗೆ. ಅದನ್ನು ಮುಟ್ಟಿದರೆ ಮೈಲಿಗೆ ಆದೀತು, ಕೈ ಕಡಿದಾರು ಅಂತ ಮಂಟಯ್ಯ ಎಲ್ಲರಿಗೂ ಹೇಳಿದ್ದ. ಉಳಿದ ಚೀಟಿ ಮಡಿಚಿ ರುಮಾಲಿಗೆ ಸಿಕ್ಕಿಸಿಕೊಂಡು ಬಂದರು. ಎಣಿಕೆಯಲ್ಲಿ ಮೇಲುಜಾತಿಯವನು ಸೋತ ಮೇಲೆ ಊರ ಗೌಡ ಮಂಟಯ್ಯನನ್ನು ಕಂಬಕ್ಕೆ ಕಟ್ಟಿಸಿ, ನನ್ನ ಕಡೆಯವನನ್ನು ಸೋಲಿಸೋಕೆ ಮಡಿ ಕಲಿತೇನೋ ಅಂತ ಮೊಣಕಾಲಿನ ಚಿಪ್ಪು ಒಡೆಸಿದ. ಗಾಯ ಮಾಯುವ ಮೊದಲೇ ಗಂಡ ಹೆಂಡತಿ ಒಂದು ಯಾತ್ರೆಯ ಗುಂಪಿನ ಹಿಂದೆ ಎಂಜಲೆಲೆ ಎತ್ತುತ್ತಾ ಕಾಶಿ ಸೇರಿದರು.

ಹತ್ತು ವರ್ಷದಲ್ಲಿ ಆ ಜೋಡಿ ಕುರ್ಚಿ ಹೋಯಿತು. ಒಂದು ಕ್ಷೇತ್ರಕ್ಕೆ ಒಬ್ಬನೇ ಅಂತಾಯಿತು. ಅವರ ಸೀಮೆಯದು ಪೂರಾ ಮೀಸಲು ಬಿತ್ತು. ಹಿಂದಿನ ವರ್ಷದ ಓಟಿನಲ್ಲಿ ಅಲ್ಲಿ ಗೆದ್ದ ಚೆಲುವಯ್ಯ, ಇವರದೇ ಕುಲದವನು, ಆ ಭಾನುವಾರ ಮಠಕ್ಕೆ ಬರುವವನಿದ್ದ. ನಮ್ಮ ಹುಡುಗ ದಿಲ್ಲಿಯಲ್ಲಿ ಕೂತವನೆ, ಒಂದು ಮಾತು ಹೇಳಿದರೆ ಖೋಲಿ ಉಳಿಯುತ್ತದೆ ಅಂತ ಸಿದ್ದಾಜಮ್ಮ ಗಂಡನ ಅಂಗಿ ಒಗೆದು ಹಾಕಿದಳು.

ಚೆಲುವಯ್ಯ ಬಂದ. ಹಾರ ತಂದರು, ಅದನ್ನು ಅವನ ಕೈಗೇ ಕೊಟ್ಟು ಹಾಕಿಕೊಳ್ಳಿ ಅಂದರು. ಅವನು ಕಾಲಿಗೆ ಬಗ್ಗಿದಾಗ ವಿಶ್ವಾರಾಧ್ಯ ಕಾಲು ಹಿಂದಕ್ಕೆ ಎಳೆದುಕೊಂಡ. ಊಟಕ್ಕೆ, ಎಂಪಿಗಳಿಗೆ ಪಂಕ್ತಿಯಲ್ಲಿ ಸೆಖೆ ಅಂತ, ಹೊರಗಿನ ಜಗಲಿಯಲ್ಲಿ ಒಬ್ಬನನ್ನೇ ಕೂರಿಸಿದರು. ಉಂಡಾದ ಮೇಲೆ ಎಲೆ ಎತ್ತಲು ಮಂಟಯ್ಯನನ್ನು ಕೂಗಿದರು.

ಅವನು ಎಲೆಯ ಮುಂದೆ ಒಡೆದ ಕಾಲು ಚಾಚಿ ಕೂತು ಖೋಲಿಯ ಸಂಗತಿ ಹೇಳಿದ. ಚೆಲುವಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ನಮ್ಮೋರ ಓಟು ಎಲ್ಲಿಗೋದದಣ್ಣ, ನಂಗೇ ಬೀಳ್ತದ. ಗೆಲ್ಸೋರು ಇವ್ರ ಕಡೆಯೋರು. ಇವ್ರ್ನ ಎದುರಾಕ್ಕಂಡ್ರ ನಂಗ ಟಿಕೀಟೇ ಇಲ್ಲ. ನೀನೇ ಒಸಿ ತಗ್ಗಿ ನಡ್ಕೊ.”

ಕಂಬದ ಮರೆಯಲ್ಲಿದ್ದ ಸಿದ್ದಾಜಮ್ಮ ಅಂದಳು, “ಇನ್ನೆಷ್ಟು ತಗ್ಗದಪ್ಪ? ಮಣ್ಣೊಳ್ಕಾ?”

ಅದಕ್ಕೆ ಚೆಲುವಯ್ಯ ಎದ್ದು, ಕೈಕಟ್ಟಿಕೊಂಡು ವಿಶ್ವಾರಾಧ್ಯನ ಹತ್ತಿರ, ಬುದ್ದಿ, ಇವರದೊಸಿ ನೋಡಿ ಅಂದ.

“ನಿಮ್ಮೋರಾದ್ರೆ ನಿಮ್ಮ ದಿಲ್ಲಿ ಬಂಗ್ಲೆಗೇ ಕರ್ಕೊಂಡ್ಹೋಗಿ ಚೆಲುವಯ್ಯ. ಅಲ್ಲೂ ಕಕ್ಕಸು ಇರ್ತವಲ್ಲ, ಬಳೀಲಿ.”

ಯಾತ್ರಿಕರು ನಕ್ಕರು. ಚೆಲುವಯ್ಯನೂ ನಕ್ಕ.

ಸೋಮವಾರ ಕೂಲಿಗಳು ಬಂದು ತಗಡು ಕಿತ್ತರು. ಮಂಟಯ್ಯ ಒಳಗೆ ಮಲಗಿದ್ದವನು ಏಳಲಿಲ್ಲ. ಮಂಗಳವಾರ ನಡುಮಧ್ಯಾಹ್ನ ಲೂ ಗಾಳಿ ಬೆಂಕಿಯ ಹಾಗೆ ಬೀಸಿತು. ಸಿದ್ದಾಜಮ್ಮ ಸೆರಗು ಹಿಡಿದು ನೆರಳು ಮಾಡಿದಳು. ಸೆರಗಿನ ಕೆಳಗೇ ಉಸಿರು ನಿಂತಿತು.

ವಿಶ್ವಾರಾಧ್ಯ ದೂರದಲ್ಲೇ ನಿಂತು, ಕಾಶಿಯಲ್ಲಿ ಸತ್ತ, ಪುಣ್ಯ ಮಾಡಿದ್ದ, ಬೇಗ ಎತ್ತಿಸು, ಒಲೆ ಹಚ್ಚಬೇಕು ಅಂದ. ಸಾವಿಗೆ ಸೂತಕವಿಲ್ಲ ಅಂತ ದಿನಾ ಪ್ರವಚನ ಹೇಳುವ ಮಠವೇ. ಆದರೆ ಅಂಗಳದಲ್ಲಿ ಹೊಲೆಯನ ಹೆಣ ಇಟ್ಟುಕೊಂಡು ಯಾರು ಅನ್ನಕ್ಕೆ ಕೈ ಹಾಕುತ್ತಾರೆ?

ಸಿದ್ದಾಜಮ್ಮ ಹುಲ್ಲು ಕೊಯ್ಯುವ ಕುಡುಗೋಲು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತಳು.

“ಖಾಲಿ ಮಾಡ್ಕಳಿ ಬುದ್ದಿ. ಒಳ್ಗ ಒಬ್ಬ ಅವ್ನ. ನಿಮ್ಮ ಕೈಯಾರ ಮುಟ್ಟಿ ಎತ್ಕಂಡೋಗಿ. ಬ್ಯಾರೆ ಯಾವ ಬೋಳಿಮಗ ಒಳಕ್ಕ ಕಾಲಿಟ್ರೂ ಕತ್ತರಿಸ್ತೀನಿ.”

ಹೆಣ ಹೊರಲು ಕರೆಸಿದವರು ಕುಡುಗೋಲು ನೋಡಿ ಹಿಂದಿರುಗಿದರು. ಒಲೆ ಹತ್ತಲಿಲ್ಲ. ರಾತ್ರಿಗೇ ವಾಸನೆ ಎದ್ದಿತು. ವಿಶ್ವಾರಾಧ್ಯ ಶಲ್ಯದಲ್ಲಿ ಮೂಗು ಮುಚ್ಚಿಕೊಂಡು ಒಮ್ಮೆ ಹೊಸ್ತಿಲವರೆಗೂ ಬಂದ, ಕೈ ಚಾಚಲಾರದೆ ಅಲ್ಲೇ ವಾಂತಿ ಮಾಡಿಕೊಂಡ. ಅವಳು ಕಾಲು ಕೂಡ ಸರಿಸಲಿಲ್ಲ.

ಚೆಲುವಯ್ಯ ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋದದ್ದು ಭಾನುವಾರ. ಮಂಟಯ್ಯ ಹೋದದ್ದು ಮಂಗಳವಾರ. ಹಸಿದ ಯಾತ್ರಿಕರು ಬಯ್ಯುತ್ತಾ ಗಂಟು ಹೊತ್ತು ಹೋದದ್ದು ಬುಧವಾರ. ಸಿದ್ದಾಜಮ್ಮ ಹೋಗಲಿಲ್ಲ.