ನಿಂತ ಬಿರಡೆ

ಆ ಹೋಟೆಲಿನಲ್ಲಿ ಬಿರಡೆಗೂ ಒಂದು ಮಾತಿತ್ತು. ವೈನ್ ಬಾಟಲಿ ತೆರೆದ ಮೇಲೆ ಅದರ ಬಿರಡೆಯನ್ನು ಪುಟ್ಟ ತಟ್ಟೆಯಲ್ಲಿಟ್ಟು ಗಿರಾಕಿಯ ಕೈಯಳತೆಯಲ್ಲಿ ಇಡಬೇಕು. ಮೂಸಿ ನೋಡಲಿ, ಬಿಡಲಿ, ಅದು ಅವರಿಷ್ಟ. ಏಳುವಾಗ ಟಿಪ್ಸನ್ನು ತಟ್ಟೆಗೆ ಹಾಕಿ ಅದರ ಮೇಲೆ ಬಿರಡೆಯನ್ನು ಮಲಗಿಸಿದರೆ, ಊಟ ಮುಗಿಯಿತು, ದುಡ್ಡು ನಿನ್ನದು, ಮೇಜು ಒರೆಸು ಎಂದು. ನೆಟ್ಟಗೆ ನಿಲ್ಲಿಸಿದ್ದರೆ, ಹೋಗಿ ಬರುತ್ತೇನೆ, ಏನನ್ನೂ ಮುಟ್ಟಬೇಡ ಎಂದು. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ಹಳೇ ಗಿರಾಕಿಗಳೆಲ್ಲ ಅದನ್ನು ಬಲ್ಲವರು.

ಅಲ್ಲಿನ ಹಿರಿಯ ಸರ್ವರ್ ಆ ಮಾತನ್ನು ಮೀರಿದ್ದು ಒಂದೇ ಸಲ. ಅದಾಗಿ ಹನ್ನೊಂದು ವರ್ಷ.

ಬೂದು ಶಾಲಿನ ಹೆಂಗಸೊಬ್ಬರು ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಬಂದು ಕಿಟಕಿ ಪಕ್ಕದ ಮೇಜಿಗೆ ಒಬ್ಬರೇ ಕೂರುತ್ತಿದ್ದರು. ಆ ದಿನ ಲೋಟ ಇನ್ನೂ ಅರ್ಧ ಇರುವಾಗಲೇ ತಲೆಯೆತ್ತಿ, "ಯಾರೋ ಕರೀತಿದಾರೆ ಕಣಪ್ಪ. ಈಗ ಬಂದೆ," ಎಂದು ಅಂಚು ಮುಕ್ಕಾದ ಒಂದು ನಾಣ್ಯವಿಟ್ಟು, ಮೇಲೆ ಬಿರಡೆ ನಿಲ್ಲಿಸಿ ಹೊರಗೆ ಹೋದರು. ಬಾಗಿಲಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಎಂಟು ಜನ ಕಾಯುತ್ತಿದ್ದರು. ಯಜಮಾನ ಗಲ್ಲಾದಲ್ಲಿ ಕೂತಲ್ಲಿಂದಲೇ ಕಣ್ಣು ಕೆಂಪು ಮಾಡಿದ. ಸರ್ವರ್ ಕಾಲು ತಾಸು ಕಾದ. ಆಮೇಲೆ ನಾಣ್ಯವನ್ನು ಟಿಪ್ಸಿನ ಡಬ್ಬಿಗೂ ಬಿರಡೆಯನ್ನು ಕಸಕ್ಕೂ ಹಾಕಿ, ಮೇಜಿಗೆ ಹೊಸ ಬಟ್ಟೆ ಹಾಸಿದ.

ಆ ಹೆಂಗಸು ಬಂದರು. ಕಿಟಕಿಯಾಚೆ ನಿಂತು ತಮ್ಮ ಕುರ್ಚಿಯಲ್ಲಿ ಬೇರೆಯವರು ಕೂತಿರುವುದನ್ನು ನೋಡಿದರು. ಬೈಯಲಿಲ್ಲ, ಒಳಗೂ ಬರಲಿಲ್ಲ, ತಿರುಗಿ ನಡೆದರು. ಬೀದಿಯ ತಿರುವಿನಲ್ಲಿ ಲಾರಿ ಬಂದಿದ್ದನ್ನು ಅವರು ನೋಡಲಿಲ್ಲ.

ಮುಂದಿನ ಬುಧವಾರ ಮೂರಕ್ಕೆ, ಯಾರೂ ಕೂರದ ಆ ಮೇಜಿನ ಮೇಲೆ ಬಿರಡೆ ನಿಂತಿತ್ತು. ತಳ ಒದ್ದೆ. ಅಡಿಯಲ್ಲಿ ಅದೇ ಮುಕ್ಕು ನಾಣ್ಯ. ಸರ್ವರ್ ಒಂದು ಹೆಜ್ಜೆ ಹಿಂದೆ ಸರಿದ. ಮುಟ್ಟಲಿಲ್ಲ. ಐದಕ್ಕೆ ನೋಡಿದರೆ ಎರಡೂ ಇರಲಿಲ್ಲ. ಅಂದಿನಿಂದ ಪ್ರತಿ ಬುಧವಾರವೂ ಹೀಗೇ. ಆ ದಿನ ಆ ಮೇಜನ್ನು ಅವನು ಯಾರಿಗೂ ಕೊಡಲಿಲ್ಲ.

ಏಳು ವರ್ಷದ ಹಿಂದೆ ಒಂದು ಬುಧವಾರ ಅವನಿಗೆ ಜ್ವರ. ಜೊತೆಗಿದ್ದ ಸರ್ವರ್‌ನನ್ನು ಎಲ್ಲರೂ ಕುಳ್ಳ ಎನ್ನುತ್ತಿದ್ದರು. "ಬಿರಡೆಗೆ ಹೆದರೋನು ಬಾಟ್ಲಿ ಎದುರಿಗೆ ಹೆಂಗ್ ನಿಲ್ತಾನೆ?" ಎಂದು ನಕ್ಕು, ನಾಣ್ಯ ತೆಗೆದು ಜೇಬಿಗಿಳಿಸಿದನಂತೆ. ಮರುಗಳಿಗೆ ತಲೆಯೆತ್ತಿ, "ಯಾರೋ ಕರೀತಿದಾರೆ. ಈಗ ಬಂದೆ," ಎಂದು ಹೊರಗೆ ಹೋದನಂತೆ. ಹೋದವನು ಹೋದ. ಅವನ ಕೋಟು ಹಿಂಬಾಗಿಲ ಮೊಳೆಯಲ್ಲೇ ಉಳಿಯಿತು. ತೆಗೆಯಲು ಯಾರಿಗೂ ಕೈ ಬರಲಿಲ್ಲ.

ಈ ವಾರ ಯಜಮಾನ ಬಿರಡೆಯ ಬಾಟಲಿಗಳನ್ನೇ ನಿಲ್ಲಿಸಿದ. ಎಲ್ಲಕ್ಕೂ ತಿರುಗಿಸಿ ತೆಗೆಯುವ ತಗಡಿನ ಮುಚ್ಚಳ. ಹಿರಿಯ ಸರ್ವರ್‌ಗೆ ಹೋದ ಉಸಿರು ಬಂದಂತಾಯಿತು. ಬಿರಡೆಯೇ ಇಲ್ಲದ ಮೇಲೆ ನಿಲ್ಲುವುದಾದರೂ ಏನು? ವಾರ ಕಳೆದರೆ ಅವನೂ ಕೆಲಸ ಬಿಡುವವನಿದ್ದ. ಅವನ ಜಾಗಕ್ಕೆ ತಂಗಿಯ ಮಗಳು ಬಂದಿದ್ದಳು. ತಂಗಿ ಸಾಯುವಾಗ ಅವನ ಕೈಯಲ್ಲಿಟ್ಟು ಹೋದ ಹುಡುಗಿ. ಅವನಿಗೆ ಇನ್ನಾರೂ ಇರಲಿಲ್ಲ.

"ನೋಡಿ ಮಾವ, ಒಂದ್ ತಿರುಚು, ಕಥೆ ಮುಗೀತು. ನಿಮ್ಮ ನಲವತ್ ವರ್ಷದ ವಿದ್ಯೆ ನನ್ನ ಹೆಬ್ಬೆರಳಿಗೆ ಬಂತು!"

"ವಿದ್ಯೆ ಮುಚ್ಚಳ ತೆಗೆಯೋದ್ರಲ್ಲಿಲ್ಲ ಕಣೇ. ಮೇಜು ಮುಟ್ಟದೆ ಇರೋದ್ರಲ್ಲಿದೆ."

"ಹಂಗಾದ್ರೆ ನಾನು ಹುಟ್ಟಾ ಪಂಡಿತೆ. ಮನೇಲಿ ಯಾವತ್ತು ಮೇಜು ಮುಟ್ಟಿದೀನಿ?"

ಅವನು ನಕ್ಕುಬಿಟ್ಟ. ಬಿರಡೆಯ ಮಾತನ್ನು ಅವಳಿಗೆ ಹೇಳಲೇ ಇಲ್ಲ. ಅಲ್ಲೇ ಎಡವಿದ.

ಬುಧವಾರ ಮೂರರ ಹೊತ್ತಿಗೆ ಯಜಮಾನ ಏನೋ ಕಾಗದಕ್ಕೆ ಸಹಿ ಬೇಕೆಂದು ಒಳಗೆ ಕರೆದ. ಸಹಿ ಹಾಕಿ ಬರುವಷ್ಟರಲ್ಲಿ ಅವಳು ಕಿಟಕಿಯ ಮೇಜಿನ ಬಳಿ ನಿಂತಿದ್ದಳು. ಒಂದು ಕೈಯಲ್ಲಿ ಒದ್ದೆ ಬಿರಡೆ. ಇನ್ನೊಂದು ಕೈ ಮುಷ್ಟಿ.

"ಮಾವ, ನಮ್ಮಲ್ಲಿ ಎಲ್ಲಾ ತಗಡಿನ ಮುಚ್ಚಳ ಅಲ್ವಾ? ಇದೆಲ್ಲಿಂದ..." ಎಂದವಳು ಮಾತು ನಿಲ್ಲಿಸಿ ತಲೆಯೆತ್ತಿದಳು. "ಯಾರೋ ಕರೀತಿದಾರೆ ಮಾವ. ಈಗ ಬಂದೆ."

ಅವನು ಓಡಿದ. ಬಾಗಿಲ ಚಿಲಕಕ್ಕೆ ಕೈ ಹಾಕಿದ್ದವಳ ಮಣಿಕಟ್ಟು ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ ನಾಣ್ಯ ಕಿತ್ತುಕೊಂಡ. ಬಾವಿಯ ತಳದ ಕಲ್ಲಿನಂತೆ ತಣ್ಣಗಿತ್ತು. ಅವಳು ನಿದ್ದೆಯಿಂದ ಎದ್ದವಳಂತೆ ಅವನ ಮುಖ ನೋಡಿದಳು. ಕರೆ ಈಗ ಅವನಿಗೆ ಕೇಳಿಸಿತು. ಹೆಸರು ಹಿಡಿದಲ್ಲ. ಊಟದ ಮಧ್ಯೆ ಗಿರಾಕಿ ಮೆಲ್ಲಗೆ ಕರೆಯುವ ಹಾಗೆ.

"ಆ ಬಿರಡೇನ ಇದ್ದಲ್ಲೇ ನಿಲ್ಸು. ತಟ್ಟೆ, ಲೋಟ ಇಡು. ಯಾರು ಬಂದ್ರೂ ಆ ಮೇಜು ಕೊಡ್ಬೇಡ. ಯಜಮಾನ ಹೇಳಿದ್ರೂ ಕೊಡ್ಬೇಡ."

"ನೀವೆಲ್ಲಿಗೆ?"

"ಕೆಲಸ ಬಾಕಿ ಇದೆ."

ಅವಳು ಕಿಟಕಿಯಲ್ಲಿ ನಿಂತು ನೋಡಿದಳು. ಮಾವ ಬೀದಿಯ ತಿರುವಿನವರೆಗೆ ಹೋದ. ಅಲ್ಲಿ ಗಿರಾಕಿಗಳ ಮುಂದೆ ಬಾಗುವಂತೆ ಸೊಂಟ ಬಗ್ಗಿಸಿ, ಯಾರೂ ಇಲ್ಲದಲ್ಲಿ ನಿಂತು ಏನೋ ಹೇಳಿದ. ಬಹಳ ಹೊತ್ತು ಹೇಳಿದ. ನಾಣ್ಯವಿದ್ದ ಅಂಗೈ ಮುಂದೆ ಚಾಚಿದ. ಆಮೇಲೆ ಮೊಣಕೈ ಮಡಿಸಿ, ಮುದುಕಿಯರನ್ನು ನಡೆಸಿಕೊಂಡು ಬರುವವರ ಹಾಗೆ ನಿಧಾನವಾಗಿ ವಾಪಸು ಬಂದ. ಬಾಗಿಲು ತೆಗೆದು, ಒಬ್ಬರಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಂತ. ಕುರ್ಚಿ ಎಳೆದ. ಲೋಟಕ್ಕೆ ಅರ್ಧ ಸುರಿದ.

"ನಂದೇ ತಪ್ಪು ಅಮ್ಮ. ನಿಧಾನಕ್ಕೆ ಮುಗಿಸಿ," ಎಂದು ಮೂರು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತ.

ಲೋಟದ ವೈನು ಯಾವಾಗ ಇಳಿಯಿತೆಂದು ಅವಳು ಕಾಣಲಿಲ್ಲ. ಐದು ಹೊಡೆದಾಗ ಬಿರಡೆ ತಟ್ಟೆಯಲ್ಲಿ ಮಲಗಿತ್ತು. ಅಡಿಯಲ್ಲಿ ಮುಕ್ಕು ನಾಣ್ಯ.

"ಈಗ ತಗೋ. ಈಗ ಅದು ನಮ್ದು," ಎಂದ ಮಾವ. ಅವನ ದನಿ ಸೋತಿತ್ತು.

ಅವಳು ಹೆದರುತ್ತಲೇ ಎತ್ತಿಕೊಂಡಳು. "ಬೆಚ್ಚಗಿದೆ ಮಾವ."

ಮೇಜು ಒರೆಸುತ್ತಾ ಅವಳು ಏನೋ ನೆನಪಾದವಳಂತೆ ಹೇಳಿದಳು: "ನೀವ್ ತಿರುವಲ್ಲಿದ್ದಾಗ ಹಿಂಬಾಗಿಲಿಂದ ಯಾರೋ ಬಂದಿದ್ರು. ಕುಳ್ಳಗಿದ್ರು. ನಮ್ಮ ಹಾಗೇ ಏಪ್ರನ್ ಹಾಕಿದ್ರು. 'ನಾನ್ ಹೊರಗ್ ಹೋಗಿ ಎಷ್ಟ್ ಹೊತ್ತಾಯ್ತು?' ಅಂತ ಕೇಳಿದ್ರು. ನಂಗೇನ್ ಗೊತ್ತು ಅಂದೆ."

ಹಿರಿಯ ಸರ್ವರ್ ಹಿಂಬಾಗಿಲ ಕಡೆ ನೋಡಿದ. ಮೊಳೆ ಖಾಲಿ ಇತ್ತು. ಅದರ ಕೆಳಗಿನ ಗೋಡೆಯಲ್ಲಿ ಕೋಟಿನ ಆಕಾರದಷ್ಟು ಜಾಗದಲ್ಲಿ ಮಾತ್ರ ಸುಣ್ಣ ಹೊಸದಾಗಿ ಉಳಿದಿತ್ತು.