ಸಲಹೆಗಾರನ ಕೋಟು ನೋಡಿ ಮರುಳಾದ ದರ್ಜಿ

ಈಚೆಗೆ ದರ್ಜಿಯಮ್ಮನಿಗೆ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಫಜೀತಿ. ಕಣ್ಣು ಕೈಕೊಟ್ಟರೆ ಮುಂದೆ ಜೀವನಕ್ಕೇನು ಗತಿ ಎಂಬ ಚಿಂತೆ ಬೇರೆ. ಗಂಡ ಹೆಂಡತಿ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣವೊಂದೇ ಅವರಿಗೆ ಆಸರೆ. ಅದನ್ನು ಬೆಳೆಸಿಕೊಡುತ್ತೇನೆಂದು ಹಣಕಾಸು ಸಲಹೆಗಾರನೊಬ್ಬ ಅಂಗಡಿಗೆ ಬಂದು ಹೋಗಿದ್ದ. ಚೆಕ್ ಬರೆದಿಟ್ಟಾಗಿತ್ತು, ನಾಳೆ ಅವನು ಬಂದು ಒಯ್ಯುವುದಷ್ಟೇ ಬಾಕಿ.

ಸಂಜೆ ಔಷಧಿ ಅಂಗಡಿಯ ಗೆಳತಿ ತನ್ನ ಬಿಳಿ ಕೋಟಿನ ತೋಳು ಮೋಟು ಮಾಡಿಸಲು ಬಂದಳು. ವಿಷಯ ಕೇಳಿ ಹುಬ್ಬೇರಿಸಿದಳು.

"ಅವನನ್ನ ಹೇಗೆ ನಂಬಿದೆ ನೀನು?"

"ಅವನ ಕೋಟು ನೋಡ್ಬೇಕಿತ್ತು! ಗುಂಡಿಯ ಕಾಜಾ ಎಲ್ಲಾ ಕೈಹೊಲಿಗೆ. ಒಳಗಿನ ಅಸ್ತರ್ ಕೂಡ ಒಂದೆಳೆ ಆಚೀಚೆ ಆಗಿಲ್ಲ. ಅಷ್ಟು ಅಚ್ಚುಕಟ್ಟಾದ ಮನುಷ್ಯ ಮೋಸ ಮಾಡ್ತಾನಾ?"

ಗೆಳತಿ ನಕ್ಕುಬಿಟ್ಟಳು. "ಕೋಟು ಹೊಲಿದವನು ಪ್ರಾಮಾಣಿಕ, ಒಪ್ಪಿದೆ. ಹಾಕ್ಕೊಂಡವನ ಕಥೆ ಏನು?"

ದರ್ಜಿಯಮ್ಮನ ಮುಖ ಗಂಟಾಯಿತು. ಹೊಲಿಗೆಯ ಮಾತಿನಲ್ಲಿ ಅವಳಿಗೆ ಎದುರಾಡಿದವರೇ ಇರಲಿಲ್ಲ.

"ಕೋಪ ಮಾಡ್ಕೋಬೇಡ ಕಣೇ. ಲೈಸೆನ್ಸ್ ಇಲ್ದೆ ನಾನು ಒಂದು ಮಾತ್ರೆ ಮಾರೋ ಹಾಗಿಲ್ಲ. ಹಣದ ಸಲಹೆ ಕೊಡೋರೂ ಸರ್ಕಾರದ ನಿಯಂತ್ರಣ ಮಂಡಳೀಲಿ ನೋಂದಣಿ ಮಾಡಿಸಿರ್ಬೇಕು. ಆಗ ತಪ್ಪು ಮಾಡಿದ್ರೆ ಕಿವಿ ಹಿಂಡೋರು ಇರ್ತಾರೆ. ಇವನ ನೋಂದಣಿ ಸಂಖ್ಯೆ ಏನು?"

"ಹಾಗೆಲ್ಲ ಕೇಳಿದ್ರೆ ಬೇಜಾರಾಗಲ್ವಾ?" ಇಸ್ತ್ರಿ ಮಾಡುತ್ತಿದ್ದ ಗಂಡ ರಾಗ ಎಳೆದ.

"ಸರಿಯಾದವನಾದ್ರೆ ಖುಷಿಯಿಂದ ಹೇಳ್ತಾನೆ ಭಾವ."

ದರ್ಜಿಯಮ್ಮ ಸಲಹೆಗಾರನಿಗೆ ಫೋನ್ ಮಾಡಿದಳು. "ಅಯ್ಯೋ ಅಕ್ಕಾ, ನಂಬರು ಗಿಂಬರು ಯಾಕೆ? ನಂಬಿಕೆ ಮುಖ್ಯ. ತಡ ಮಾಡಿದ್ರೆ ಅವಕಾಶ ಕೈತಪ್ಪುತ್ತೆ" ಎಂದು ಅವನು ಫೋನ್ ಇಟ್ಟುಬಿಟ್ಟ. ಆಗ ಗೆಳತಿ ಮಂಡಳಿಯ ಸಹಾಯವಾಣಿಗೆ ಕರೆ ಮಾಡಿದಳು. ಆ ಹೆಸರಿನ ಸಲಹೆಗಾರ ಯಾರೂ ನೋಂದಾಯಿಸಿಕೊಂಡಿಲ್ಲ ಎಂಬ ಉತ್ತರ ಬಂತು. ಅಲ್ಲಿಯವರು ಅವನ ಮೇಲೆ ದೂರನ್ನೂ ಬರೆದುಕೊಂಡರು.

ದರ್ಜಿಯಮ್ಮ ಸ್ಟೂಲಿನ ಮೇಲೆ ಧೊಪ್ಪನೆ ಕೂತಳು. ಹಣ ಇನ್ನೂ ತಮ್ಮ ಖಾತೆಯಲ್ಲೇ ಇದೆ ಎಂಬುದು ನೆನಪಾದಾಗ ಹೋದ ಜೀವ ಬಂದಂತಾಯಿತು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಸದ್ಯ, ಬಚಾವಾದ್ವಿ!" ಎನ್ನುತ್ತ ಗಂಡ ಚೆಕ್ ಹರಿದುಹಾಕಿದ. "ಇನ್ಮೇಲೆ ಮಂಡಳಿ ಒಪ್ಪಿದವರ ಹತ್ರಾನೇ ಹೋಗೋಣ."

ನೋಂದಣಿ ಇದ್ದ ಮಾತ್ರಕ್ಕೆ ಲಾಭ ಖಚಿತವೆಂದಲ್ಲ. ಆದರೆ ಅನ್ಯಾಯವಾದರೆ ಹೋಗಿ ಕೇಳಲು ಒಂದು ಜಾಗವಿರುತ್ತದೆ. ನಿಮ್ಮ ಮನೆಗೂ ಇಂಥ ಸಲಹೆಗಾರ ಬಂದರೆ ಮೊದಲು ನೋಂದಣಿ ಸಂಖ್ಯೆ ಕೇಳಿ. ಅವರ ಮಾತನ್ನಷ್ಟೇ ನಂಬದೆ ಮಂಡಳಿಯಲ್ಲೇ ವಿಚಾರಿಸಿ. ಸಂಕೋಚ ಬೇಡ, ಬೆವರು ಸುರಿಸಿ ದುಡಿದವರು ನೀವು.